ಬಾಲ ಎತ್ತಿದ ಕುರಿ

ಜರ್ಮನಿಯಿಂದ ಬಂದವಳನ್ನು ಏನು ಕೇಳಬೇಕೋ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕ್ಯಾತಗಾನಚೆರ್ಲಿನ ಜನ ಕೇಳಿದರು. ಅಲ್ಲಿ ಅನ್ನ ಸಿಗುತ್ತಾ, ಅಲ್ಲಿಯವರು ದಿನಾ ಸ್ನಾನ ಮಾಡುತ್ತಾರಾ, ವಿಮಾನದಲ್ಲಿ ಕಕ್ಕಸು ಎಲ್ಲಿರುತ್ತೆ, ಮದುವೆ ಯಾವಾಗ. ಲಾವಣ್ಯ ಎಲ್ಲಕ್ಕೂ ಉತ್ತರ ಕೊಟ್ಟಳು. ಅಲ್ಲಿ ಏನು ಓದುತ್ತೀಯ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ಅವಳಿಗೆ ಕಷ್ಟವೇ ಆಗುತ್ತಿತ್ತು. ಕುರಿ ಮೇಯಿಸುವುದನ್ನು ಓದುತ್ತಿದ್ದೇನೆ ಎಂದರೆ, ಹುಟ್ಟಿದಾಗಿನಿಂದ ಕುರಿ ಹಿಂದೆಯೇ ತಿರುಗಿದ ಜನ ನಗದೆ ಇನ್ನೇನು ಮಾಡಿಯಾರು? ಅದನ್ನು ಕಲಿಯಲು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಸಮುದ್ರ ದಾಟಿಸಿದೆ ಎಂದರಂತೂ ಮುಗಿದೇಹೋಯಿತು.

ಅಪ್ಪ ಕ್ಯಾತಣ್ಣ ಆ ಕಕ್ಕಸಿನ ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ತಲೆಯಲ್ಲಿ ಬೇರೆ ಯೋಚನೆ ಕೂತಿತ್ತು. ಸೋಲಾರ್ ಪಾರ್ಕು ಬಂದಾಗ ಜಮೀನಿದ್ದವರು ಗುತ್ತಿಗೆಗೆ ಕೊಟ್ಟು ಕಾಲು ಚಾಚಿ ಕೂತರು. ಜಮೀನೇ ಇಲ್ಲದ ಕ್ಯಾತಣ್ಣನಂಥವರ ಪಾಲಿಗೆ ಬಂದದ್ದು ತಂತಿ ಬೇಲಿ. ಮಳೆ ಬಿದ್ದರೆ ಬೇಲಿಯ ಒಳಗೆ ಪ್ಲೇಟುಗಳ ಕೆಳಗೆ ಮೊಣಕಾಲುದ್ದ ಹುಲ್ಲು. ಹೊರಗೆ ಅವನ ಕುರಿಗಳು ರಸ್ತೆಯಂಚಿನ ಧೂಳು ಮೂಸುತ್ತ ವಳ್ಳೂರಿನವರೆಗೆ ಹೋಗಿ ಅರೆಹೊಟ್ಟೆಯಲ್ಲಿ ರೊಪ್ಪಕ್ಕೆ ಮರಳುತ್ತಿದ್ದವು. ಕ್ಯಾತಣ್ಣ ತೀರ್ಮಾನ ಮಾಡಿಬಿಟ್ಟಿದ್ದ. ಈ ಶ್ರಾವಣ ಮುಗಿದ ಕೂಡಲೇ ಹಿಂಡನ್ನೆಲ್ಲ ಕೊರಟಗೆರೆಯಾಚೆ ಅಕ್ಕಿರಾಂಪುರದ ಕುರಿ ಸಂತೆಗೆ ಸಾಗಿಸುವುದು. ಮಧುಗಿರಿಯ ಟೆಂಪೋದವನಿಗೆ ಹೇಳಿದ್ದೂ ಆಗಿತ್ತು.

ಲಾವಣ್ಯ ಊರಿಗೆ ಬಂದದ್ದು ಆ ಟೆಂಪೋವನ್ನು ತಡೆಯುವುದಕ್ಕೆ.

ಜರ್ಮನಿಯ ಮೊದಲ ಚಳಿಗಾಲ ಅವಳನ್ನು ಅರೆದು ಹಾಕಿತ್ತು. ಚಳಿ ಒಂದು ಕಡೆ ಇರಲಿ, ಅಲ್ಲಿನ ಮೌನ ಅವಳಿಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಯಾವೂರು, ಯಾರ ಮಗಳು ಎಂದು ಕೇಳುವುದಿಲ್ಲ. ಸಂಜೆಯಾಗುವ ಮೊದಲೇ ಕತ್ತಲು. ಭಾನುವಾರ ಅಂಗಡಿ ಬಾಗಿಲೂ ತೆರೆಯುವುದಿಲ್ಲ. ಪಾವಗಡದ ಪ್ರೈವೇಟ್ ಬಸ್ಸಿನ ಕಂಡಕ್ಟರು ಹಿಂದಕ್ಕೆ ಹೋಗ್ರಮ್ಮ ಎಂದು ಗದರುವುದನ್ನು ನೆನೆಸಿಕೊಂಡು ಹಾಸ್ಟೆಲಿನ ಅಡುಗೆಮನೆಯಲ್ಲಿ ಅತ್ತದ್ದೂ ಉಂಟು. ಜೊತೆಯವರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದಾಗ ರೈತರು ಎಂದಿದ್ದಳು. ಕುರಿ ಕಾಯುವವನು ಎನ್ನಲು ಬಾಯಿ ಬರಲಿಲ್ಲ. ಆರನೇ ಕ್ಲಾಸಿನಿಂದ ಮಧುಗಿರಿಯ ಹಾಸ್ಟೆಲಿನಲ್ಲಿ ಬೆಳೆದು, ಅಲ್ಲಿ ‘ಕುರಿ’ ಎಂದು ಕರೆಸಿಕೊಂಡವಳಿಗೆ ಆ ಮಾತನ್ನು ನುಂಗುವುದು ಅಭ್ಯಾಸವಾಗಿಹೋಗಿತ್ತು.

ಮೊದಲ ವರದಿ ಬರೆಯಲು ಅವರನ್ನು ಒಂದು ಹುಲ್ಲುಗಾವಲಿಗೆ ಕರೆದೊಯ್ದಿದ್ದರು. ಲಾವಣ್ಯ ಲೈಬ್ರರಿಯಲ್ಲಿ ಕೂತು ಪುಸ್ತಕದಲ್ಲಿದ್ದದ್ದನ್ನೆಲ್ಲ ಬಳಿದು ತುಂಬಿ ಕೊಟ್ಟಳು. ನಮ್ಮಲ್ಲಿ ಅದಕ್ಕೇ ಅಲ್ಲವೇ ರ‍್ಯಾಂಕು ಕೊಡುವುದು. ಪಾಠ ಹೇಳುವ ವೇಬರ್ ಮೇಡಂ ಅದನ್ನು ವಾಪಸು ಕೊಟ್ಟು ಒಂದೇ ಮಾತು ಹೇಳಿದರು: ಪುಸ್ತಕಗಳನ್ನು ನಾನೂ ಓದಿದ್ದೇನೆ, ನೀನು ಅಲ್ಲಿ ಏನು ನೋಡಿದೆ? ಲಾವಣ್ಯಳಿಗೆ ಮೈಯೆಲ್ಲ ಉರಿಯಿತು. ಆದರೂ ಮತ್ತೆ ಕೂತು ಕಂಡದ್ದನ್ನು ಮಾತ್ರ ಬರೆದಳು. ಒಂದು ಕುರಿ ಮುಂಗಾಲು ಊರುತ್ತಿರಲಿಲ್ಲ, ನೀರಿನ ತೊಟ್ಟಿಯ ಸುತ್ತ ಹುಲ್ಲೇ ಇರಲಿಲ್ಲ, ಇಂಥವು. ಅದು ಪಾಸಾಯಿತು.

ವಸಂತ ಬಂದಾಗ ಹಾನೆಸ್ ಎಂಬ ಮುದಿ ಕುರಿಗಾಹಿಯ ಹತ್ತಿರ ಕಳಿಸಿದರು. ಅಲ್ಲಿ ಅವಳು ಮೊದಲ ಸಲ ಸೋಲಾರ್ ಪ್ಲೇಟುಗಳ ಕೆಳಗೆ ಕುರಿ ಮೇಯುವುದನ್ನು ಕಂಡಳು. ಕುರಿ ಹುಲ್ಲು ತಿನ್ನುತ್ತೆ, ಕಂಪನಿಗೆ ಕಳೆ ಕೀಳಿಸುವ ಕೆಲಸ ತಪ್ಪುತ್ತೆ, ಪ್ಲೇಟಿನ ನೆರಳು ಕುರಿಗೆ ಸಿಗುತ್ತೆ. ನೋಡುತ್ತ ನಿಂತವಳು ಅಪ್ಪ ಹಿಂಡು ಕರೆಯುವ ಹಾಗೆ ನಾಲಿಗೆ ಮಡಿಸಿ ಒಂದು ಕೂಗು ಹಾಕಿಬಿಟ್ಟಳು. ಜರ್ಮನಿಯ ಒಂದು ಕುರಿಯೂ ತಲೆ ಎತ್ತಲಿಲ್ಲ. ಹಾನೆಸ್ ಮಾತ್ರ ಎತ್ತಿದ. ಅದು ಯಾರ ಕೂಗು ಎಂದು ಕೇಳಿದ. ನಮ್ಮಪ್ಪ ಕುರಿ ಕಾಯುತ್ತಾರೆ ಎಂದು ಆ ದೇಶದಲ್ಲಿ ಅವಳು ಮೊದಲು ಹೇಳಿದ್ದು ಅವನಿಗೆ. ಆಮೇಲೆ ಭಾನುವಾರ ಬಂದರೆ ಅವನ ಹತ್ತಿರವೇ, ಮುಂದಿನ ಚಳಿಗಾಲದಲ್ಲೂ ತಪ್ಪಿಸಲಿಲ್ಲ. ವೇಬರ್ ಮೇಡಂಗೆ ಈ ಸುದ್ದಿ ಮುಟ್ಟಿದಾಗ ಇಷ್ಟು ದಿನ ಬಾಯಲ್ಲಿ ಏನಿಟ್ಟುಕೊಂಡಿದ್ದೆ ಎಂದು ಬೈದರು. ನಿನ್ನ ಪ್ರಬಂಧ ಅಲ್ಲೇ ಹೋಗಿ ಮಾಡು ಎಂದು ಕಳಿಸಿದ್ದೂ ಅವರೇ.

ಬಂದ ವಾರದಲ್ಲೇ ಲಾವಣ್ಯ ಬೇಲಿಯೊಳಗಿನ ಆಫೀಸಿಗೆ ಹೋದಳು. ಆ ಬ್ಲಾಕಿನ ಮ್ಯಾನೇಜರು ಪ್ರಸನ್ನಕುಮಾರ್ ಕೊರಟಗೆರೆಯವನು, ಬಿಸಿಲಿಗೆ ಕಂದಿಹೋದ ಮುಖದ ಮನುಷ್ಯ. ಮೊಣಕಾಲು ದಾಟಿದ ಹುಲ್ಲು ಈಗ ಪ್ಲೇಟಿನ ಅಂಚು ಮುಟ್ಟಿತ್ತು, ನೆರಳು ಬಿದ್ದು ಕರೆಂಟು ಕಡಿಮೆಯಾಗುತ್ತಿತ್ತು, ಕೀಳುವ ಆಳುಗಳೆಲ್ಲ ಶೇಂಗಾ ಹೊಲದ ಕಳೆಗೆ ಹೋಗಿದ್ದರು. ಅವನು ಜರ್ಮನಿಯ ವಿಡಿಯೋಗಳನ್ನು ನೋಡಿದ, ಮೇಲಿನವರಿಗೆ ಫೋನು ಮಾಡಿದ, ಒಂದು ದಿನ ಪ್ರಯೋಗ ಮಾಡಿ ನೋಡೋಣ ಎಂದ. ಒಂದೇ ಷರತ್ತು, ಕುರಿ ಮಾತ್ರ. ಮೇಕೆ ಬೇಡ, ಅದು ಹತ್ತುತ್ತೆ, ವೈರು ಕಡಿಯುತ್ತೆ. ಲಾವಣ್ಯ ಒಪ್ಪಿದಳು. ಹಾನೆಸನ ಹತ್ತಿರವೂ ಮೇಕೆ ಇರಲಿಲ್ಲ.

ಕ್ಯಾತಣ್ಣನೂ ಅದೇ ವಿಡಿಯೋ ನೋಡಿದ. ಬಿಳೀ ಕುರಿಗಳು ಸಾಲಾಗಿ ತಮ್ಮಷ್ಟಕ್ಕೆ ತಾವೇ ಪ್ಲೇಟಿನ ಕೆಳಗೆ ನಡೆದುಹೋಗುವುದನ್ನು ಟೀ ಅಂಗಡಿಯಲ್ಲಿ ನಾಲ್ಕು ಜನರಿಗೂ ತೋರಿಸಿದ. ನಿನ್ನವು ಹೋಗ್ತವಾ ಎಂದು ಒಬ್ಬ ಕೆಣಕಿದ್ದಕ್ಕೆ, ಅವುಕ್ಕೇನು ನಾಕು ಕಾಲು, ನಮ್ಮವುಕ್ಕೇನು ಮೂರಾ, ಎಂದು ಮೀಸೆ ತಿರುವಿದ. ಮೇಕೆ ಬೇಡವಂತೆ ಎಂದು ಲಾವಣ್ಯ ಹೇಳಿದಾಗ ತಲೆ ಆಡಿಸಿದ. ಆ ತಲೆ ಆಡಿಸಿದ್ದರಲ್ಲೇ ಇತ್ತು ಎಲ್ಲ ಎಡವಟ್ಟು. ಅವನ ಹಿಂಡಿಗೆ ಮುಂದಾಳು ಬೋಡಿ. ಅದು ಕೊಂಬಿಲ್ಲದ ಕಂದು ಮೇಕೆ. ಬೋಡಿ ಹೆಜ್ಜೆ ಇಟ್ಟರೆ ಕುರಿಗಳು ಹೆಜ್ಜೆ ಇಡುತ್ತವೆ, ಹೊಸ ಜಾಗವಾದರಂತೂ ಅದಿಲ್ಲದೆ ಕದಲುವುದಿಲ್ಲ. ಈ ಸೀಮೆಯಲ್ಲಿ ಕುರಿ ಸಾಕುವವರೆಲ್ಲ ಹಿಂಡಿಗೆ ಒಂದೆರಡು ಮೇಕೆ ಸೇರಿಸಿಕೊಳ್ಳುವುದು ಅದಕ್ಕೇ. ವರ್ಷಕ್ಕೆರಡು ಸಲ ಮನೆ ನೋಡಿದ ಲಾವಣ್ಯಳಿಗೆ ಅದು ನೆನಪಿಗೇ ಬರಲಿಲ್ಲ. ಕ್ಯಾತಣ್ಣನಿಗೆ ಗೊತ್ತಿದ್ದೂ ಹೇಳಲು ನಾಚಿಕೆಯಾಯಿತು. ಪರದೇಶದ ಕುರಿ ತಾನಾಗಿ ನಡೆಯುತ್ತೆ, ನನ್ನದಕ್ಕೆ ಮೇಕೆ ಬೇಕು ಎಂದು ಮಗಳ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಆ ಬಾಯಿಬಿಡದ ಜಂಬಕ್ಕೆ ಬೆಂಕಿ ಹಾಕಬೇಕು.

ಪ್ರಯೋಗದ ಬೆಳಿಗ್ಗೆ ಲಾವಣ್ಯ ಮೊದಲೇ ಹೋಗಿ ಪ್ರಸನ್ನಕುಮಾರನ ಜೊತೆ ಗೇಟಿನಲ್ಲಿ ನಿಂತಿದ್ದಳು. ಹಿಂಡು ಬಂತು. ಗೇಟಿನ ಮುಂದೆ ಬಂದು ನಿಂತೇಬಿಟ್ಟಿತು. ಕಬ್ಬಿಣದ ಗೇಟು, ಜಲ್ಲಿ ಹಾಸಿದ ದಾರಿ, ಅದರಾಚೆ ಕಪ್ಪು ನೆರಳಿನ ಸಾಲು. ಮುಂದಿನವು ಹಿಂದಕ್ಕೆ ಒತ್ತಿದವು, ಹಿಂದಿನವು ಮುಂದಕ್ಕೆ. ಸೆಕ್ಯುರಿಟಿಯವರು ಮೊಬೈಲು ಹಿಡಿದು ನಗತೊಡಗಿದರು. ಪ್ರಸನ್ನಕುಮಾರ್ ವಾಚು ನೋಡಿಕೊಂಡ. ಕ್ಯಾತಣ್ಣ ಕೂಗಿದ, ಕೋಲಿನಿಂದ ನೆಲ ಬಡಿದ. ಕುರಿಗಳು ಕಲ್ಲಿನ ಹಾಗೆ ನಿಂತವು.

ಆಮೇಲೆ ಕ್ಯಾತಣ್ಣ ಹಿಂಡಿನ ನಡುವೆ ನುಗ್ಗಿ, ಬಗ್ಗಿ, ಅಲ್ಲಿ ಮರೆಯಾಗಿದ್ದ ಒಂದನ್ನು ಮುಂದಕ್ಕೆ ನೂಕಿದ. ಹಿಂಡು ಇದ್ದಕ್ಕಿದ್ದ ಹಾಗೆ ಸಡಿಲವಾಗಿ ಒಳಗೆ ಹರಿಯಿತು. ಕಂದು ಬೆನ್ನುಗಳ ನಡುವೆ, ಎಲ್ಲಕ್ಕಿಂತ ಮುಂದೆ, ಒಂದು ಬಾಲ ಮೇಲಕ್ಕೆ ನಿಮಿರಿತ್ತು. ಕುರಿಯ ಬಾಲ ಕೆಳಗೆ ಜೋಲುತ್ತೆ, ಮೇಕೆಯದು ಮೇಲೆ ಎದ್ದಿರುತ್ತೆ. ಕುರಿಗಾಹಿಗಳ ಮನೆಯ ಕೂಸಿಗೂ ಗೊತ್ತಿರುವ ವಿಷಯ. ಕೊಂಬಿಲ್ಲ, ಬಣ್ಣವೂ ಅದೇ, ಆಫೀಸಿನವರಿಗೆ ಗೊತ್ತಾಗುವಂತಿರಲಿಲ್ಲ.

“ಎಲ್ಲಾ ಕುರಿನೇ ತಾನೇ?” ಎಂದ ಪ್ರಸನ್ನಕುಮಾರ್.

ಲಾವಣ್ಯ ಅಪ್ಪನ ಕಡೆ ನೋಡಿದಳು. ಅಪ್ಪ ಬೇರೆಲ್ಲೋ ನೋಡುತ್ತಿದ್ದ. ಹಿಂಡು ಒಳಗೆ ಹೋಗುತ್ತಿತ್ತು.

“ಕುರಿನೇ ಸಾರ್,” ಎಂದಳು.

ಬೋಡಿ ಸ್ವಲ್ಪ ಹೊತ್ತು ಹುಲ್ಲು ಮೂಸಿತು. ಹುಲ್ಲು ಅದಕ್ಕೆ ಸೇರದು, ಜಾಲಿ ಸೊಪ್ಪು ಎಳೆದು ತಿಂದು ಬೆಳೆದದ್ದು. ತಲೆ ಎತ್ತಿ ನೋಡಿತು. ಸೊಂಟದೆತ್ತರದಲ್ಲಿ ಗಾಜಿನ ಇಳಿಜಾರು ಬಾ ಎಂದು ಕರೆಯುವ ಹಾಗಿತ್ತು. ಒಂದೇ ನೆಗೆತಕ್ಕೆ ಮೇಲೆ ಹತ್ತಿ, ಟಕ ಟಕ ಎನ್ನುತ್ತ ತುದಿಗೆ ಹೋಗಿ, ಊರೆಲ್ಲ ಕಾಣುವ ಹಾಗೆ ನಿಂತುಕೊಂಡಿತು. ಸೆಕ್ಯುರಿಟಿಯವರು ಸೀಟಿ ಊದಿದರು. ಅದು ಬೆದರಿ ಪ್ಲೇಟಿನಿಂದ ಪ್ಲೇಟಿಗೆ ಸಾಲಿನುದ್ದಕ್ಕೂ ಓಡಿತು. ಕೊನೆಯ ಪ್ಲೇಟಿನಿಂದ ಹಾರುವಾಗ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಪ್ರಸನ್ನಕುಮಾರ್ ಗೇಟಿನ ಕಡೆ ಕೈ ತೋರಿಸಿದ, ಅಷ್ಟೇ. ಹಿಂಡು ಹೊರಗೆ ಬಂತು, ಗೇಟು ಮುಚ್ಚಿಕೊಂಡಿತು.

ಮನೆಗೆ ಬಂದ ಮೇಲೆ ಅಪ್ಪ ಮಗಳು ಅಂಗಳದಲ್ಲೇ ಶುರು ಹಚ್ಚಿಕೊಂಡರು. ನನ್ನ ಮಾನ ತೆಗೆದೆ ಎಂದಳು ಅವಳು, ನನ್ನ ಓದು ಹಾಳು ಮಾಡಿದೆ ಎಂದಳು. ಯಾರನ್ನ ಕೇಳಿ ನನ್ನ ಹಿಂಡಿಗೆ ಷರತ್ತು ಒಪ್ಪಿಕೊಂಡು ಬಂದೆ ಎಂದ ಅವನು. ಆ ಮುದುಕನ ಹತ್ತಿರ ಭಾನುವಾರವೂ ಬಿಡದೆ ಹೋಗಿ ಕೇಳಿದವಳು ನನ್ನನ್ನ ಒಂದು ಮಾತು ಕೇಳಿದೆಯಾ ಎಂದ. ನೀನಾದರೂ ಒಂದು ಮಾತು ಹೇಳಿದೆಯಾ ಎಂದಳು ಅವಳು. ಒಬ್ಬರ ಮಾತು ಒಬ್ಬರಿಗೆ ತಾಗಿ ತಾಗಿ ಕೊನೆಗೆ ಕ್ಯಾತಣ್ಣ ದನಿ ಇಳಿಸಿದ.

“ನಾನು ಕಳ್ಳತನ ಮಾಡ್ದೆ, ಸರಿ ಬುಡು. ನೀನೂ ನೋಡ್ದೆ ಕಣಮ್ಮ. ಬಾಲ ನೋಡ್ದೆ. ಕುರಿನೇ ಅಂದೆ.”

ಮಡಕಶಿರಾ ಕಡೆಯವಳಾದ ಅವ್ವ ಯಶೋದಳಿಗೆ ಸಿಟ್ಟು ಬಂದರೆ ತೆಲುಗೇ ಬರುವುದು. ಅವಳು ಒಲೆಯ ಮುಂದಿನಿಂದ, “ಚಾಲು ಇಂಕ, ನೋರು ಮೂಸ್ಕೋಂಡಿ,” ಎಂದು ಇಬ್ಬರ ಬಾಯನ್ನೂ ಮುಚ್ಚಿಸಿ ಮುದ್ದೆ ಬಡಿಸಿದಳು. ಶನಿವಾರವೇ ಟೆಂಪೋಗೆ ಬರಹೇಳುತ್ತೇನೆ ಎಂದು ಕ್ಯಾತಣ್ಣ ತಟ್ಟೆಗೆ ಹೇಳಿದ.

ಮಾರನೇ ದಿನ ಸಂಜೆ ವೇಬರ್ ಮೇಡಂ ಜೊತೆ ವಿಡಿಯೋದಲ್ಲಿ ಮಾತಾಡುವುದಿತ್ತು. ಹೇಳುವುದನ್ನೆಲ್ಲ ಲಾವಣ್ಯ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದಳು. ಸ್ಥಳೀಯ ತಳಿ ಹೊಸ ಜಾಗಕ್ಕೆ ಹೊಂದಿಕೊಳ್ಳಲಿಲ್ಲ, ಪ್ರಯೋಗ ಅಪೂರ್ಣವಾಯಿತು. ನೋಡಿದರೆ ಸುಳ್ಳೂ ಅಲ್ಲ. ಮೇಕೆಯ ಸುದ್ದಿಯೇ ಬೇಡ. ಬೇಲಿ ಬದಿಯ ಬಂಡೆಯ ಮೇಲೆ ನೆಟ್‌ವರ್ಕು ಚೆನ್ನಾಗಿ ಸಿಗುತ್ತಿತ್ತು. ಅಲ್ಲಿ ಕೂತು ಅದನ್ನೇ ಒಪ್ಪಿಸಿದಳು. ಮೇಡಂ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿಕೊಂಡರು, ಹೊಂದಿಕೊಳ್ಳಲಿಲ್ಲ ಎಂದರೆ ಏನಾಯಿತು, ಗೇಟಿನಿಂದ ಹೇಳು ಎಂದರು.

ಗೇಟಿನಿಂದ ಹೇಳತೊಡಗಿದರೆ ಬೋಡಿ ಬರದೆ ಇರಲು ಸಾಧ್ಯವೇ? ನಿಮಿರಿದ ಬಾಲ ಬಂತು, ‘ಕುರಿನೇ ಸಾರ್’ ಬಂತು, ಪ್ಲೇಟಿನ ಮೇಲಿನ ಟಕ ಟಕವೂ ಬಂತು. ಹೇಳುತ್ತ ಹೇಳುತ್ತ ಲಾವಣ್ಯಳಿಗೆ ಅಳು ಬಂತು, ಅದರ ನಡುವೆ ನಗುವೂ ಬಂತು. ಮೇಡಂ ನಗಲಿಲ್ಲ. ಒಂದು ಮೇಕೆ ಇಡೀ ಹಿಂಡನ್ನು ನಡೆಸುತ್ತೆ ಎನ್ನುವುದೇ ನಿನ್ನ ಪ್ರಬಂಧದ ಮೊದಲ ಅಧ್ಯಾಯ, ಅದನ್ನು ಬಚ್ಚಿಡಲು ಹೊರಟಿದ್ದೀಯಲ್ಲ ಎಂದರು. ಹಾಗೆಂದು ಸುಳ್ಳನ್ನು ಹಾಗೇ ಬಿಡಲಿಲ್ಲ. ಆ ಮನುಷ್ಯನಿಗೆ ಹೇಳಿದ್ದು ತಪ್ಪು, ಅದನ್ನು ಸರಿ ಮಾಡದೆ ನನಗೆ ಒಂದು ಪುಟವನ್ನೂ ಕಳಿಸಬೇಡ ಎಂದು ಫೋನು ಇಟ್ಟರು.

ಶುಕ್ರವಾರ ಬೆಳಿಗ್ಗೆ ಲಾವಣ್ಯ ಪ್ರಸನ್ನಕುಮಾರನ ಮೇಜಿನ ಮುಂದೆ ನಿಂತಿದ್ದಳು. ಮೇಕೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕುರಿ ಎಂದೆ ಎಂದಳು. ಅವನ ಮುಖ ಕೆಂಪಾಯಿತು.

“ಪ್ಲೇಟು ಗಾಳಿಗೂ ಒಡೆಯುತ್ತಮ್ಮ, ಅದಕ್ಕೆ ಮೇಲಿನವರಿಗೆ ನಾನು ಉತ್ತರ ಬರೀತೀನಿ. ನೀನು ನನ್ನ ಕಣ್ಣೆದುರಿಗೇ ಸುಳ್ಳು ಹೇಳಿದ್ಯಲ್ಲ, ಅದಕ್ಕೇನು ಬರೀಲಿ? ಓದಿದವಳು ಅಂತ ನಂಬಿದ್ದೆ.”

ಲಾವಣ್ಯ ತಲೆ ತಗ್ಗಿಸಲಿಲ್ಲ. ಅವನು ಬೈಯುವಷ್ಟು ಬೈದ. ಕೊನೆಗೆ ಸುಸ್ತಾಗಿ, ಅದು ಮೇಕೆ ಅಂತ ನಿನಗೆ ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಎಂದು ಕೇಳಿದ. ಅವಳು ಬಾಲದ ವಿಷಯ ಹೇಳಿದಳು. ಅವನು ಕಿಟಕಿಯಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಯಾರದೋ ಹಿಂಡನ್ನು ಎದ್ದು ನಿಂತು ನೋಡಿದ. ಬೆರಳು ಮಾಡಿ ಅದಾ ಎಂದ, ಇದಾ ಎಂದ. ಮನುಷ್ಯ ಕೆಟ್ಟವನಲ್ಲ. ಮೇಲಾಗಿ ಕಿಟಕಿಯ ಈಚೆ ಹುಲ್ಲು ದಿನದಿನಕ್ಕೂ ಎದ್ದು ಬರುತ್ತಿತ್ತು.

ಆಗ ಲಾವಣ್ಯ ಮಾತು ತೆಗೆದಳು. ಮೇಕೆ ಇಲ್ಲದೆ ಹಿಂಡು ಬರುವುದಿಲ್ಲ, ಅದು ನಿಜ. ಆದರೆ ಮೇಕೆ ಬೇಕಾದದ್ದು ಒಳಗೆ ಕಾಲಿಡುವವರೆಗೆ ಮಾತ್ರ. ಕುರಿ ಹುಲ್ಲಿಗೆ ಬಾಯಿ ಹಾಕಿದ ಮೇಲೆ ಅದನ್ನು ಹೊರಗೆ ಕಳಿಸಿದರೆ ಆಗದೇ? ಹಗ್ಗ ಹಾಕಿ ತಂದು ಹಗ್ಗದಲ್ಲೇ ಹೊರಗೆ ಒಯ್ಯೋಣ ಎಂದಳು. ಹೊರಗೆ ಒಯ್ದರೆ ಹಿಂಡೂ ಹಿಂದೆಯೇ ಬರುತ್ತಲ್ಲ ಎಂದ ಅವನು. ದೂರ ಒಯ್ಯಬೇಡಿ, ಬೇಲಿಯ ಆಚೆ ಕುರಿಗೆ ಕಾಣುವ ಹಾಗೆ ಹಿಡಿದು ನಿಲ್ಲಿ ಎಂದೂ ಅವನೇ ಹೇಳಿದ. ಹೇಳಿದ ಮೇಲೆ ತಾನು ಒಪ್ಪಿಬಿಟ್ಟೆ ಎಂದು ತಿಳಿದು ತಲೆ ಕೆರೆದುಕೊಂಡ. ನಾಳೆ ಒಂದು ದಿನ, ಮೇಕೆ ಪ್ಲೇಟಿನ ಕಡೆಗೆ ಒಂದು ಕಾಲು ಎತ್ತಿದರೂ ಮತ್ತೆ ಈ ಕಡೆ ಬರಬೇಡ ಎಂದ.

ನಾಳೆ ಎಂದರೆ ಶನಿವಾರ. ಅಪ್ಪನಿಗೆ ಇದನ್ನು ಹೇಳುವುದು ಮ್ಯಾನೇಜರಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ರೊಪ್ಪದ ಮುಳ್ಳು ಬೇಲಿ ಸರಿ ಮಾಡುತ್ತಿದ್ದವನ ಎದುರು ಕುಕ್ಕರಗಾಲಲ್ಲಿ ಕೂತು, “ನಿನ್ನ ಹಿಂಡಿನ ವಿಷಯ ನಿನ್ನ ಕೇಳದೆ ಮಾತಾಡಿದ್ದು ತಪ್ಪಾಯ್ತಪ್ಪ, ಈಗ ಕೇಳ್ತಾ ಇದೀನಿ, ಆಗುತ್ತಾ?” ಎಂದಳು. ಕ್ಯಾತಣ್ಣ ಮುಳ್ಳು ಎಳೆಯುತ್ತಲೇ ಇದ್ದ. ಆಗಲೂಬಹುದು, ಆಗದೆಯೂ ಇರಬಹುದು, ಬೋಡಿಗೆ ಹಗ್ಗ ಅಂದ್ರೆ ಆಗಲ್ಲ ಎಂದ. ಮುಳ್ಳು ಕೆಳಗಿಟ್ಟು, “ಹಗ್ಗ ನಾನು ಹಿಡೀತೀನಿ. ಒಳಗೆ ನೀನಿರು. ಅವು ನಿನ್ನ ಮಾತು ಕೇಳದಿದ್ರೆ ನನ್ನ ಬೈಬ್ಯಾಡ,” ಎಂದ.

ಶನಿವಾರ ಬೆಳಿಗ್ಗೆ ಗೇಟಿನಲ್ಲಿ ಪ್ರಸನ್ನಕುಮಾರ್ ತಾನೇ ನಿಂತು ಒಳಗೆ ಹೋಗುವ ಒಂದೊಂದು ಕುರಿಯ ಹಿಂಭಾಗವನ್ನೂ ಬಗ್ಗಿ ನೋಡಿದ. ಸೆಕ್ಯುರಿಟಿಯವರು ಮುಸಿಮುಸಿ ನಕ್ಕರೆ ಅವರನ್ನೂ ಗದರಿದ. ಬೋಡಿ ಹಗ್ಗಕ್ಕೆ ಜಗ್ಗಾಡಿ, ಎರಡು ಸಲ ಮಲಗಿ, ಕ್ಯಾತಣ್ಣನ ಪಂಚೆ ಕಚ್ಚಿ, ಅಂತೂ ಒಳಗೆ ನಡೆಯಿತು. ಅದರ ಹಿಂದೆ ಹಿಂಡು. ಹುಲ್ಲು ಕಂಡದ್ದೇ ಕುರಿಗಳು ತಲೆ ತಗ್ಗಿಸಿದವು, ಕರಕರ ಎಂದು ಸದ್ದು ಎದ್ದಿತು. ಕ್ಯಾತಣ್ಣ ಬೋಡಿಯನ್ನು ಎಳೆದುಕೊಂಡು ಹೊರನಡೆದ. ಮುಂದಿನ ನಾಲ್ಕಾರು ಕುರಿ ತಲೆ ಎತ್ತಿ ಅದರ ಹಿಂದೆ ಹೊರಟವು. ಬೋಡಿ ತಂತಿಯಾಚೆ ಬಂದು ನಿಂತು ಒಂದು ಸಲ ಕೂಗಿತು. ಅದು ಕಣ್ಣಿಗೆ ಕಾಣುವಲ್ಲೇ ಇದೆ ಎಂದು ಗೊತ್ತಾದ ಮೇಲೆ ಆ ಕುರಿಗಳು ಒಂದು ಗಳಿಗೆ ನಿಂತು, ಮತ್ತೆ ಬಾಯಿ ಹುಲ್ಲಿಗೆ ಹಾಕಿದವು.

ಬಿಸಿಲೇರಿದಾಗ ಕುರಿಗಳು ಹೊಟ್ಟೆ ಬಿರಿಯುವಂತೆ ಮೇಯ್ದು ಪ್ಲೇಟಿನ ನೆರಳಿನಲ್ಲಿ ಮಲಗಿ ಮೆಲುಕು ಹಾಕತೊಡಗಿದವು. ಲಾವಣ್ಯಳಿಗೂ ನೆರಳಿತ್ತು. ಹೊರಗೆ ಕ್ಯಾತಣ್ಣನ ನೆರಳಿಗೆ ಒಂದು ಮರವೂ ಇರಲಿಲ್ಲ, ತಲೆಗೆ ಟವೆಲು ಹೊದ್ದು ಹಗ್ಗ ಹಿಡಿದು ಕೂತಿದ್ದ. ಕುರಿಗೆ ನೆರಳು, ಮಗಳಿಗೆ ನೆರಳು, ನಾನು ಈ ಬೋಡಿ ಮುಂಡೇದರ ಜೀತಕ್ಕೆ ಬಿದ್ದೆ ಎಂದು ತಂತಿಯ ಆಚೆಯಿಂದ ಬೈಯುತ್ತಿದ್ದ. ಅಷ್ಟರಲ್ಲಿ ಅವನಿಗೆ ಫೋನು ಬಂತು. ಟೆಂಪೋದವನು ವಳ್ಳೂರು ದಾಟಿದ್ದನಂತೆ, ರೊಪ್ಪದ ಹತ್ತಿರ ಬರಲೋ ಎಂದು ಕೇಳಿದ. ಕ್ಯಾತಣ್ಣ ಒಳಗೆ ಮಲಗಿದ್ದ ಹಿಂಡನ್ನು ಸುಮಾರು ಹೊತ್ತು ನೋಡಿದ.

“ಕುರಿ ಮೇಯ್ದು ಮಲ್ಗವೆ ಕಣ್ಲಾ, ಈಗ ಎಬ್ಬಿಸೋಕಾಗಲ್ಲ. ನೀನು ವಾಪಸ್ ಹೋಗು. ಬ್ಯಾಡ, ಮುಂದಿನ ವಾರವೂ ಬ್ಯಾಡ.”

ಟೆಂಪೋದವನು ಆ ಕಡೆಯಿಂದ ಏನೇನೋ ಅಂದ. ಕ್ಯಾತಣ್ಣ ಅಷ್ಟೇ ಅಂದು ಫೋನು ಜೇಬಿಗೆ ಹಾಕಿಕೊಂಡ. ಪ್ರಸನ್ನಕುಮಾರ್ ಆ ಕಡೆ ಬಂದು ಹುಲ್ಲು ತಿಂದ ಸಾಲನ್ನೂ ತಿನ್ನದ ಸಾಲನ್ನೂ ನೋಡಿದ. ಸೋಮವಾರ ಪಕ್ಕದ ಬ್ಲಾಕಿಗೂ ಬನ್ನಿ, ಅದಕ್ಕೆ ಮೊದಲು ಆ ಹಗ್ಗ ಬದಲಾಯಿಸಿ, ಸವೆದು ಹೋಗಿದೆ ಎಂದು ಹೇಳಿ ಹೋದ.

ಕ್ಯಾತಣ್ಣ ತಂತಿಗೆ ಬೆನ್ನು ಕೊಟ್ಟು ಕೂತ. ಲಾವಣ್ಯ ಈ ಕಡೆ ಬಂದು ಕೂತಳು. ನಡುವೆ ತಂತಿ ಇತ್ತು.

“ಅಲ್ಲಿ ಹಿಮ ಬೀಳುತ್ತಂತಲ್ಲ,” ಎಂದ ಕ್ಯಾತಣ್ಣ ತಿರುಗದೆಯೇ. “ಆವಾಗ ಕುರಿ ಎಲ್ಲಿ ಕೂಡ್ತಾರೆ? ಆ ಮುದುಕ ಏನ್ ಮಾಡ್ತಾನೆ?”

ಲಾವಣ್ಯ ಹೇಳತೊಡಗಿದಳು. ಹಾನೆಸನ ಮರದ ಕೊಟ್ಟಿಗೆ, ಒಣಹುಲ್ಲು ಸುತ್ತಿಟ್ಟ ದೊಡ್ಡ ಉಂಡೆಗಳು, ಚಳಿಗೆ ಹೆಪ್ಪುಗಟ್ಟುವ ನೀರಿನ ತೊಟ್ಟಿ. ಕ್ಯಾತಣ್ಣ ನಡುನಡುವೆ ತಡೆದು ಕೇಳಿದ, ಮರಿ ಯಾವಾಗ ಹಾಕ್ತವೆ, ಗೊರಸು ಕೊಳೆಯಲ್ವಾ, ನೀರು ಹೆಪ್ಪುಗಟ್ಟಿದರೆ ಯಾರು ಒಡೀತಾರೆ. ನಾನೇ ಒಡೀತಿದ್ದೆ, ಕೊಡಲಿಯಿಂದ ಎಂದಳು. ಕ್ಯಾತಣ್ಣ ಮೊದಲ ಸಲ ತಿರುಗಿ ಅವಳ ಅಂಗೈಗಳನ್ನು ನೋಡಿದ.